ಕುಂಕುಮವೆಂದು ತೊಳೆದದ್ದು

ನಲ್ಲೂರಿನಲ್ಲಿ ಟಿಂಕರಿಂಗ್ ಕೆಲಸ ಮಾಡುವ ಭೀಮೇಶ್, ಗುದ್ದಿಸಿಕೊಂಡು ಬಂದ ಗಾಡಿಗೆ ಕೈ ಹಚ್ಚುವ ಮೊದಲು ಒಂದೇ ಪ್ರಶ್ನೆ ಕೇಳುತ್ತಾನೆ: "ಯಾತಕ್ಕೆ ತಾಗ್ತು?" ಉತ್ತರ ಸಿಗದಿದ್ದರೆ ಕೆಲಸ ಹಿಡಿಯುವುದಿಲ್ಲ.

ಆರು ವರ್ಷಗಳ ಹಿಂದೆ ಅವನು ಕೇಳಿರಲಿಲ್ಲ. ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಗುರುತಿಲ್ಲದವನೊಬ್ಬ ಪಿಕಪ್ ತಂದಿದ್ದ. ಮುಂದಿನ ಎಡಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಪಟ್ಟಿ ಕಿತ್ತು ನೇತಾಡುತ್ತಿತ್ತು. ಅದರ ಒಳಬದಿಗೆ ಕೆಂಪು ಮೆತ್ತಿತ್ತು. ಅಮಾವಾಸ್ಯೆಗೆ ಎಲ್ಲರೂ ಚಕ್ರಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುತ್ತಾರೆ; ಆ ಕುಂಕುಮವೇ ಎಂದುಕೊಂಡ. ನೀರಿಗೆ ಹೋಗದ್ದನ್ನು ಉಗುರಿನಿಂದ ಕೆರೆದ. ಮುರಿದ ಕ್ಲಿಪ್ಪುಗಳನ್ನು ತೆಗೆದು ಹೊಸವನ್ನು ಒತ್ತಿ ಪಟ್ಟಿ ಕೂರಿಸಿಕೊಟ್ಟ. ಸಂಜೆ ಸುದ್ದಿ ಬಂತು. ನಸುಕಿನಲ್ಲಿ ಸಾಸ್ವೆಹಳ್ಳಿ ರಸ್ತೆಯಲ್ಲಿ ದ್ಯಾಮಮ್ಮ ಎಂಬ ಹೆಂಗಸಿಗೆ ಯಾವುದೋ ಗಾಡಿ ಗುದ್ದಿ, ನಿಲ್ಲದೆ ಹೋಗಿತ್ತು. ಕುಂಕುಮ ತೆಗೆಯಲು ಉಗುರು ಬೇಕಾಗುವುದಿಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಯಾರಿಗೂ ಹೇಳಲಿಲ್ಲ. ಅಂದಿನಿಂದ ಹೆಂಡತಿ ಮೇಘಶ್ರೀ ಪೂಜೆ ಮುಗಿಸಿ ಕುಂಕುಮ ತಂದರೆ ಎದ್ದು ಹೊರಗೆ ಹೋಗುತ್ತಾನೆ.

ಕಳೆದ ತಿಂಗಳು ಸೂಳೆಕೆರೆಯ ಮೀನು ಸಾಗಿಸುವ ತಿಪ್ಪೇಶ್ ತನ್ನ ಪಿಕಪ್ ತಂದ. ಕಳಚಿ ಬಂದಿದ್ದ ಅದೇ ಕಡೆಯ ಪಟ್ಟಿಯನ್ನು ಭೀಮೇಶನ ಕೈಗೆ ಕೊಟ್ಟ.

"ಯಾತಕ್ಕೆ ತಾಗ್ತು?"

"ತೋಟದ ಗೇಟಿಗೆ. ಪಟ್ಟಿ ಹಾಕಾಕೆ ಗೇಟಿನ ಹೆಸರೂ ಬೇಕೇನಣ್ಣ?"

"ಮನುಷ್ಯರಿಗಲ್ಲ ತಾನೆ?"

ತಿಪ್ಪೇಶನ ನಗು ನಿಂತಿತು. "ಹಂಗೆಲ್ಲ ಕೇಳಬ್ಯಾಡ್ರಿ. ನಮ್ಮವ್ವ ದ್ಯಾಮಮ್ಮ ಹೋಗಿದ್ದೇ ಹಂಗೆ, ಸಾಸ್ವೆಹಳ್ಳಿ ರಸ್ತೆಯಾಗೆ. ಯಾವ ಗಾಡಿ ಅಂತ ಇವತ್ತಿಗೂ ಗೊತ್ತಾಗಿಲ್ಲ."

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭೀಮೇಶ್ ಕೈಯಲ್ಲಿದ್ದ ಪಟ್ಟಿಯನ್ನು ನೆಲಕ್ಕಿಟ್ಟು, ನಡೆದದ್ದನ್ನೆಲ್ಲ ಹೇಳಿದ. ಉಗುರಿನಿಂದ ಕೆರೆದದ್ದನ್ನೂ ಬಿಡಲಿಲ್ಲ.

ತಿಪ್ಪೇಶ್ ಕೇಳಿದ. "ನಂಬರ್?"

"ನೋಡ್ಲಿಲ್ಲಪ್ಪ."

"ಮುಖ?"

"ಎಷ್ಟು ನೆನೆಸಿದ್ರೂ ಬರಲ್ಲ."

"ಬಣ್ಣನಾದ್ರೂ?"

"ಬಿಳಿ."

ತಿಪ್ಪೇಶ್ ರಸ್ತೆಯ ಕಡೆ ತಿರುಗಿದ. ಅಡಿಕೆ ಮೂಟೆ ಹೊತ್ತ ಪಿಕಪ್‌ಗಳು ಒಂದರ ಹಿಂದೊಂದು ಹೋಗುತ್ತಿದ್ದವು. "ಎಲ್ಲಾ ಬಿಳೀವೇ ಅದಾವಲ್ಲಣ್ಣ," ಎಂದ. ಬಳಿಕ ತನ್ನ ಪಿಕಪ್ಪಿನ ಬಾಗಿಲು ತೆಗೆದು ಹಿಡಿದ. "ಇದನ್ನ ಠಾಣೆಯಾಗೆ ಹೇಳಾಕೆ ಬರ್ತೀರಾ?"

ಭೀಮೇಶ್ ಹತ್ತಿ ಕುಳಿತ. ಗಾಡಿ ಹೊನ್ನಾಳಿ ಠಾಣೆಯ ಕಡೆ ಹೊರಟಿತು. ಎದುರಿಗೆ ಬಿಳಿ ಪಿಕಪ್ ಬಂದಾಗಲೆಲ್ಲ ತಿಪ್ಪೇಶ್ ವೇಗ ತಗ್ಗಿಸಿ ಇವನತ್ತ ನೋಡುತ್ತಿದ್ದ. ಭೀಮೇಶ್ ಆ ಎದುರು ಗಾಡಿ ಓಡಿಸುವವನ ಮುಖ ನೋಡುತ್ತಿದ್ದ. ಇವನೇ ಎನ್ನಲು ಅವನಿಂದ ಆಗಲಿಲ್ಲ, ಇವನಲ್ಲ ಎನ್ನಲೂ ಆಗಲಿಲ್ಲ.