ರಷ್ಯಾ ಮಾವ ಮತ್ತು ಕೆಂಪು ಜೋಳ

ನಿನ್ನೆ ರವಿವಾರ, ಮುಂಜಾನೆ ಎಂಟು ಗಂಟೆ. ಅಡುಗೆಮನೆಯಲ್ಲಿ ನಾನು, ಸೊಸೆ ಶಾಂತಾ, ಇಬ್ಬರೇ. ಗಿರಣಿಗೆ ಕಳಿಸುವ ಜೋಳ ಹಸನು ಮಾಡುತ್ತಿದ್ದೆವು. ನಮ್ಮಲ್ಲಿ ಎಂಟಕ್ಕೆ ಕೂತ ಕೆಲಸ ಒಂಬತ್ತಕ್ಕೆ ಮುಗಿಯಲೇಬೇಕು. ಸೊಸೆ ಇದಕ್ಕೆ ‘ಅತ್ತಿ ಸಾಲಿ’, ಅತ್ತೆಯ ಶಾಲೆ, ಎಂದು ಹೆಸರಿಟ್ಟಿದ್ದಾಳೆ. ಮೊರದ ಬಿಳಿಜೋಳದಲ್ಲಿ ಒಂದಿಷ್ಟು ಕೆಂಪು ಕಾಳು ಕಂಡವು. "ತಗದ ಒಗಿ ಅವನ್ನ" ಎಂದೆ. ನನ್ನ ದನಿ ಬಿರುಸಾಗಿತ್ತೇನೋ, ಶಾಂತಾ ಕೈ ನಿಲ್ಲಿಸಿದಳು.

"ಕಲ್ಲಲ್ಲರೀ ಅತ್ತಿ, ಜೋಳನ ಅದು."

ಜೋಳವೇ ಹೌದು. ಅದೇ ತೊಂದರೆ.

ನೀವು ಆ ಕಾಲದವರಾದರೆ ನಿಮಗೂ ನೆನಪಿರಬಹುದು. ಅರವತ್ತರ ದಶಕದ ನಡುವೆ ಮಳೆ ಕೈಕೊಟ್ಟಾಗ ರೇಷನ್ ಅಂಗಡಿಗೆ ಅಮೆರಿಕದ ಕೆಂಪು ಜೋಳ ಬಂತು. ಅಲ್ಲಿ ಅದನ್ನು ದನಕ್ಕೆ ಹಾಕುತ್ತಾರೆಂದು ವಿಜಾಪುರವೆಲ್ಲ ಆಡಿಕೊಳ್ಳುತ್ತಿತ್ತು. ಅವರ ಸರಕಾರ ನಮ್ಮ ಸರಕಾರದ ಮೇಲೆ ಮುನಿಸಿಕೊಂಡರೆ ಹಡಗು ತಡ. ಹಡಗು ತಡವಾದರೆ ನಮ್ಮ ಹಂಚು ತಣ್ಣಗೆ. ನಾನು ಆಗಷ್ಟೇ ತಿಕೋಟಾದ ಸಾಲೆಯಲ್ಲಿ ಭೂಗೋಳ ಕಲಿಸತೊಡಗಿದ್ದೆ. ನಕಾಶೆಯಲ್ಲಿ ಅಮೆರಿಕ ಬಂದಾಗ ಕೋಲನ್ನು ತುಸು ಬೇಗ ಸರಿಸುತ್ತಿದ್ದೆ.

ಆ ಹಿಟ್ಟಿಗೆ ಜಿಗುಟಿಲ್ಲ, ರೊಟ್ಟಿಯ ಅಂಚು ಸೀಳುತ್ತಿತ್ತು. ಬಿಳಿಜೋಳದ ರೊಟ್ಟಿ ಬಡಿಯುವ ಸಪ್ಪಳ ಓಣಿಗೆಲ್ಲ ಒಂದೇ ಲಯದಲ್ಲಿ ಕೇಳುತ್ತದೆ; ಇದರದು ಬಡಿದು, ನಿಂತು, ಒತ್ತಿ ಸೇರಿಸಿ, ಮತ್ತೆ ಬಡಿಯುವ ಸಪ್ಪಳ. ಕೇಳಿದವರಿಗೆ ತಿಳಿದುಬಿಡುತ್ತಿತ್ತು. ಅವ್ವ ಬಾಗಿಲು ಮುಚ್ಚಿಕೊಂಡು ರೊಟ್ಟಿ ಮಾಡತೊಡಗಿದಳು. ಇಡೀ ಓಣಿಯೇ ಬಾಗಿಲು ಮುಚ್ಚಿಕೊಂಡಿತ್ತು, ಆ ಮಾತು ಬೇರೆ.

ಅವ್ವನ ಅಣ್ಣನದು ಬಬಲೇಶ್ವರದ ಹತ್ತಿರ ಜೈನಾಪುರದಲ್ಲಿ ಒಕ್ಕಲುತನ. ರಷ್ಯಾದವರು ಮನುಷ್ಯನನ್ನು ಆಕಾಶಕ್ಕೆ ಕಳಿಸಿದಂದಿನಿಂದ ಅವರ ಪಕ್ಷ ಹಿಡಿದಿದ್ದ. ನಮ್ಮ ಬಾಯಲ್ಲಿ ಅವನು ‘ರಷ್ಯಾ ಮಾವ’. ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ ಅವನ ವಾದ ಕೇಳಲು ಜನ ಕೂಡುತ್ತಿದ್ದರು. ಬಂದಾಗಲೆಲ್ಲ ಬಸ್ಸಿನ ಮೇಲೆ ಒಂದು ಚೀಲ ಬಿಳಿಜೋಳ ತರುತ್ತಿದ್ದ. ಆ ಬರದ ವರ್ಷ ಬಂದಾಗ ಹೆಗಲ ಮೇಲೆ ಟವೆಲ್ ಒಂದೇ ಇತ್ತು.

ಡಬ್ಬಿಯ ತಳದಲ್ಲಿ ಉಳಿದಿದ್ದ ಬಿಳಿಹಿಟ್ಟಿನಿಂದ ಅವ್ವ ಅವನಿಗಷ್ಟೇ ಎರಡು ರೊಟ್ಟಿ ಮಾಡಿದಳು. ಅವನಿಗೆ ಮೊದಲು ಬಡಿಸಿ ಎಬ್ಬಿಸಿಬಿಡುವುದು ಅವಳ ಲೆಕ್ಕ. ಅಪ್ಪನ ಶಿಸ್ತು ಅದನ್ನು ಕೆಡಿಸಿತು: ಏಳೂವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂಡಬೇಕು. ಕೂತೆವು. ಮಾವನ ತಾಟಿನಲ್ಲಿ ಬಿಳಿ, ನಮ್ಮ ತಾಟುಗಳಲ್ಲಿ ಕೆಂಪು.

ಅಪ್ಪನಿಗೆ ಕೆಣಕದೆ ಇರಲಾಗಲಿಲ್ಲ. "ಈಗ ಯಾರ ಕೈ ಮ್ಯಾಲ ಐತ್ರಿ? ನಿಮ್ಮ ರಷ್ಯಾದ್ದೋ, ಅಮೆರಿಕಾದ್ದೋ?"

ಮಾವ ನಮ್ಮ ತಾಟು ನೋಡಿದ. "ರಾಕೆಟ್ ರಷ್ಯಾದ್ದು, ರೊಟ್ಟಿ ಅಮೆರಿಕಾದ್ದು" ಎಂದವನೇ ತನ್ನ ಬಿಳಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, ಕೆಂಪು ರೊಟ್ಟಿಗೆ ಕೈಚಾಚಿದ.

ಅವ್ವ ಅವನ ಕೈ ಹಿಡಿದಳು. "ಬ್ಯಾಡೋ ಯಣ್ಣಾ. ದನಾ ತಿನ್ನೂದದು. ತವರವ್ರಿಗೆ ಹೆಂಗ ನೀಡ್ಲಿ?"

"ಕೈ ಬಿಡ ಬೇ. ನಮ್ಮ ಮನ್ಯಾಗೂ ಇದ ಐತಿ."

ಅವಳನ್ನು ಸಮಾಧಾನ ಮಾಡಲೆಂದು ಹೇಳಿದ ಮಾತು ಅದು. ನಮ್ಮ ಮನೆಯ ನಾಚಿಕೆಯನ್ನು ಅವ್ವ ಬಾಗಿಲು ಮುಚ್ಚಿ ಹೇಗೋ ತಾಳಿಕೊಂಡಿದ್ದಳು. ಜೈನಾಪುರದಲ್ಲಾದರೂ ಬಿಳಿಜೋಳ ಇದೆ ಎಂಬುದೇ ಅವಳ ಧೈರ್ಯವಾಗಿತ್ತು. ಸೆರಗನ್ನು ಬಾಯಿಗೆ ಹಿಡಿದು, "ಬೆಳ್ಯೋರ ಮನ್ಯಾಗೂ?" ಎಂದಳು. ಮಾವ ಕೆಂಪು ರೊಟ್ಟಿ ಮುರಿದು ಬಾಯಿಗಿಟ್ಟ. ಮುಂದೆ ಸ್ಟೇಷನ್ ರಸ್ತೆಯಲ್ಲಿ ಯಾರಾದರೂ ರಷ್ಯಾದ ಸುದ್ದಿ ತೆಗೆದರೆ, ಮಾವ ಚಹಾ ಕುಡಿದು ಎದ್ದುಬಿಡುತ್ತಿದ್ದನಂತೆ.

ನಮ್ಮ ಹೊಟ್ಟೆ ತುಂಬಿಸಿದ ಕಾಳಿನ ಮೇಲೆ ಇಷ್ಟು ವರ್ಷ ಸಿಟ್ಟು ಮಾಡಿಕೊಂಡೇ ಬಂದಿದ್ದೇನೆ. ಶಾಂತಾ ಆರಿಸಿಟ್ಟ ಕೆಂಪು ಕಾಳನ್ನು ತಿರುಗಿ ಮೊರಕ್ಕೆ ಹಾಕಿದೆ.

"ಒಗಿ ಅಂದಿದ್ರಲ್ರೀ?"

"ಇರ್ಲಿ ಬಿಡು. ಎಲ್ಲಾ ಕೂಡೇ ಬೀಸ್ಲಿ."

ಸಂಜೆ ಏಳಕ್ಕೆ ರೊಟ್ಟಿ ಬಡಿಯಲು ನಾನೇ ಕೂತೆ. ವಯಸ್ಸಾದ ಕೈ, ಅಂಚು ಸೀಳಿತು. ನಿಂತು, ಒತ್ತಿ ಸೇರಿಸಿ, ಮತ್ತೆ ಬಡಿದೆ. ಸೊಳ್ಳೆ ಬರುತ್ತವೆಂದು ಶಾಂತಾ ಬೀದಿಬಾಗಿಲು ಮುಚ್ಚಲು ಹೋದಳು. ಬೇಡವೆಂದೆ. ಕೊನೆಯ ರೊಟ್ಟಿ ಬೇಯಿಸಿ, ಹಂಚು ಇಳಿಸಿ, ಹಿಟ್ಟು ನಾದಿದ ಪರಾತ ತೊಳೆದು ಮಗುಚಿಟ್ಟ ಮೇಲೆ ನಾನೇ ಹೋಗಿ ಬಾಗಿಲು ಮುಚ್ಚಿದೆ.