ಎಣ್ಣಿ ಭರಣ್ಯಾಗ ಸಿಕ್ಕ ಹುಳ

ಬೀದರ ಮೈಸೂರು ರಾಜ್ಯಕ್ಕ ಸೇರಿದ ವರ್ಷ, ಮೈಸೂರ ಕಡಿಂದ ಬದಲಿಯಾಗಿ ಬಂದ ಸಾಹೇಬರ ಮನ್ಯಾಗ ನಾ ಅಡಗಿ ಮಾಡ್ತಿದ್ದೆ. ಮೀನಿನ ಹೆಸರೂ ಎತ್ತಬಾರದಂಥ ಮಡಿ ಮನಿ. ಸಾಹೇಬರು ಮಾತ್ರ ಭಾಲ್ಕಿಗೆ ಸರಕಾರಿ ದೌರಾ ಅಂತ ಹೇಳಿ ಮಾಂಜ್ರಾ ಹೊಳಿ ದಂಡ್ಯಾಗ ಗಾಳ ಹಾಕ್ಕೊಂತ ಕೂಡ್ತಿದ್ರು. ವಿಲಾಯತಿ ರಬ್ಬರ ಹುಳ ಗಾಳಕ್ಕ ಪೋಣಿಸಿ, ಮೊನಿ ಅದರ ಹೊಟ್ಟ್ಯಾಗ ಅಡಗಿಸೋದನ್ನ ಬುತ್ತಿ ಹೊತ್ತು ಜೋಡಿ ಹೋದಾಗ ನಾನೇ ಕಣ್ಣಾರೆ ನೋಡೀನಿ. ಹುಳ ಮೆತ್ತಗಿರಲಿ ಅಂತ ಅಡಗಿ ಮನಿ ಮೂಲ್ಯಾಗಿನ ಒಂದು ಎಣ್ಣಿ ಭರಣ್ಯಾಗ ಇಡ್ತಿದ್ರು.

ಒಂದಿನ ಅಮ್ಮಾರ ಕೈಗೆ ಆ ಭರಣಿ ಸಿಕ್ತು. "ಥೂ, ಎಣ್ಣೇಲಿ ಹುಳ! ಆಚೆ ನಡಿ!"

"ಅದು ರಬ್ಬರಿಂದರಿ ಅಮ್ಮಾರ, ಸಾಹೇಬರಿಗೇ ಕೇಳ್ರಿ."

ಸಾಹೇಬರು ಭರಣಿ ನೋಡಿದ್ರು, ನನ್ನ ನೋಡಿದ್ರು. "ನನಗೇನು ಗೊತ್ತು?" ಅಂದು ಪೇಪರಿನ್ಯಾಗ ಮಾರಿ ಮುಚ್ಚಿಕೊಂಡ್ರು.

ನನ್ನ ಕೆಲಸ ಹೋಯ್ತು. ಊರಿಗೆ ಹೊಂಟ ಔರಾದ ಬಸ್ಸಿನ್ಯಾಗ ಕುಂತೋರಿಗೆಲ್ಲ ಹೇಳೇ ಬಿಟ್ಟೆ: ಆ ಹುಳದಾಗರೆ ಒಂದು ಕಬ್ಬಿಣದ ಗಾಳ ಇರ್ತಿತ್ತರಿ, ಸಾಹೇಬರು ಬರೇ ರಬ್ಬರ.