ಅನ್ನಭೇದಿಯ ಕಪ್ಪು

ಅನ್ನಭೇದಿ ಎಂದರೆ ಈಗಿನವರಿಗೆ ಅಂಗಡಿಯ ಡಬ್ಬಿಯಲ್ಲಿನ ಪುಡಿ. ನಾನು ಅದು ಹುಟ್ಟುವ ಜಾಗವನ್ನೇ ನೋಡಿದವಳು. ಕಮಲಾಪುರದಲ್ಲಿ ಅವ್ವನ ತವರಿನ ಹಿಂದೆ ಒಂದು ಹಾಳುಬಾವಿ ಇತ್ತು; ಮೇಲೆ ಕೆಂಪು ಮಣ್ಣು, ಕೆಳಗೆ ಕರಿಯ ಪದರಗಲ್ಲು. ನೀರು ಎಷ್ಟು ಹುಳಿಯೆಂದರೆ ದನವೂ ಮೂಸುತ್ತಿರಲಿಲ್ಲ. ಆ ನೀರಿಗಿಂತ ತುಸು ಮೇಲೆ, ಬಿಸಿಲು ತಾಗದ ಒದ್ದೆ ಬಿರುಕುಗಳಲ್ಲಿ ಮಾತ್ರ ಅನ್ನಭೇದಿಯ ಹಸಿರು ಹರಳುಗಳು ಏಳುತ್ತಿದ್ದವು. ನೀರು ಏರಿದರೆ ಕರಗಿಹೋಗುತ್ತಿದ್ದವು, ಒಣಗಾಳಿ ಬೀಸಿದರೆ ಬಿಳಿ ಪುಡಿಯಾಗುತ್ತಿದ್ದವು.

ಅಪ್ಪ ಕಲಬುರಗಿಯಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಿದ್ದ. ನಿಜಾಮರ ಕಚೇರಿಯ ಗುಮಾಸ್ತರ ಮಾಸಿದ ಶೇರ್ವಾನಿಗಳು ನಮ್ಮ ಹಂಡೆಯಲ್ಲೇ ಮತ್ತೆ ಕಪ್ಪಾಗುತ್ತಿದ್ದವು: ಮೊದಲು ಅಳಲೆಕಾಯಿಯ ಕಷಾಯ, ಆಮೇಲೆ ಅನ್ನಭೇದಿ. ಹರಳು ಹುಡುಕಿಕೊಂಡು ಆ ಬಾವಿಗೆ ಹೋದವನು ಅವ್ವನನ್ನೇ ಕಟ್ಟಿಕೊಂಡು ಬಂದನಂತೆ. ಅವ್ವ ಸತ್ತ ಮೇಲೆ ಅಪ್ಪ ಕಮಲಾಪುರದ ದಾರಿ ಹಿಡಿಯಲಿಲ್ಲ.

ನನ್ನ ಮದುವೆಯಾಗಿ ಮೊದಲ ಸಂಕ್ರಾಂತಿ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಹೊಸ ಮದುಮಗಳಿಗೆ ತವರಿನಿಂದ ಕಪ್ಪು ಸೀರೆ ಬರಬೇಕು. ಅವ್ವನ ಹಳದಿ ಸೀರೆಯೊಂದು ಪೆಟ್ಟಿಗೆಯಲ್ಲಿತ್ತು. ಅದನ್ನೇ ಕಪ್ಪು ಮಾಡಿಕೊಡು ಎಂದೆ.

"ಈ ಕಪ್ಪು ಬಣ್ಣ ಅರಿವಿ ತಿಂತದವ್ವಾ," ಎಂದ ಅಪ್ಪ. "ಇವತ್ತಲ್ಲ ನಾಳಿ ಹರೀತದ. ಅಕಿದು ಅಂತ ಉಳದದ್ದು ಇದೊಂದೇ."

"ಪೆಟ್ಟಿಗ್ಯಾಗ ಇಟ್ರ ಯಾರು ಉಡ್ತಾರ? ನಾ ಉಟ್ಟು ಹರೀಲಿ."

ಅಪ್ಪ ಅಷ್ಟು ವರ್ಷಗಳ ಮೇಲೆ ಕಮಲಾಪುರದ ಆ ಬಾವಿಗೆ ಹೋಗಿ, ಹರಳನ್ನು ಒದ್ದೆ ಬಾಳೆಲೆಯಲ್ಲಿ ಸುತ್ತಿಕೊಂಡು ಬಂದ. ಸೀರೆ ಅಂಥ ಕಪ್ಪಾಯಿತೆಂದರೆ ಗಂಡನ ಮನೆಯ ಹೆಂಗಸರು ಮುಟ್ಟಿ ಮುಟ್ಟಿ ನೋಡಿದರು. ಆದರೆ ಸೆರಗಿನ ಒಂದು ಮೂಲೆ, ಅಂಗೈಯಗಲದಷ್ಟು, ಹಳದಿಯಾಗಿಯೇ ಉಳಿದಿತ್ತು. "ನಿಮ್ಮಪ್ಪಗ ಕಣ್ಣು ಮಂದ ಆಗ್ಯಾವೇನು?" ಎಂದು ಅತ್ತೆ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಆ ಮೂಲೆಯನ್ನು ಸೊಂಟಕ್ಕೆ ಸಿಕ್ಕಿಸಿ ಮುಚ್ಚಿಕೊಂಡೆ. ತವರಿಗೆ ಹೋದಾಗ ಜಗಳ ತೆಗೆಯಬೇಕೆಂದಿದ್ದೆ. ಆ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ.

ವರ್ಷಗಳು ಕಳೆದಂತೆ ಕಪ್ಪು ತನ್ನ ಕೆಲಸ ಮಾಡಿತು. ಮಡಿಕೆ ಬಿಚ್ಚಿದಲ್ಲೆಲ್ಲ ಬಟ್ಟೆ ಹಿಟ್ಟಿನಂತೆ ಉದುರತೊಡಗಿತು. ಕಡೆಗೊಂದು ದಿನ ಪೆಟ್ಟಿಗೆ ತೆಗೆದರೆ ಕೈಯಲ್ಲಿ ಹಿಡಿಯುವ ಹಾಗೆ ಉಳಿದದ್ದು ಆ ಹಳದಿ ಮೂಲೆಯೊಂದೇ. ಅದರ ಸುತ್ತ ದಾರ ಬಿಗಿದ ಸುಕ್ಕು ಆಗ ಕಣ್ಣಿಗೆ ಬಿತ್ತು. ಬಣ್ಣ ಒಳಗೆ ಇಳಿಯದಂತೆ ಅಪ್ಪ ಗಟ್ಟಿಯಾಗಿ ಕಟ್ಟಿ ಅದ್ದಿದ್ದ. ತಡೆಯಲಾರದಷ್ಟು ಅಳು ಬಂತು.

ಅಪ್ಪ ಅವ್ವನನ್ನು ಅಂಗೈಯಗಲ ಉಳಿಸಿಕೊಟ್ಟಿದ್ದ. ನಾನು ಅದನ್ನೇ ಮುಚ್ಚಿಕೊಂಡು ಉಟ್ಟಿದ್ದೆ.